ಕಮಲಾಪುರದ ಗಾಜಿನ ಶಮಾದಾನ

ಕಮಲಾಪುರ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಕೆಂಪು ಬಾಳೆಹಣ್ಣು. ಕಲಬುರಗಿಯಲ್ಲಿ ಹುಮನಾಬಾದ್ ಕಡೆಯ ಬಸ್ಸು ಹತ್ತಿದರೆ ಸುಮಾರು ಒಂದು ತಾಸಿನಲ್ಲಿ ಊರು ಬರುತ್ತದೆ. ತೊಗರಿ, ಜೋಳ ಬೆಳೆಯುವ ಕರಿಮಣ್ಣಿನ ಬಯಲು ಹಿಂದೆ ಸರಿದು ಸಣ್ಣ ಸಣ್ಣ ದಿಬ್ಬಗಳು, ಕೆಂಪು ಮಣ್ಣು ಕಾಣಿಸತೊಡಗಿದರೆ ಊರು ಸಮೀಪಿಸಿತು ಎಂದೇ ಅರ್ಥ. ಇಲ್ಲಿಯ ಕೆಂಪು ಬಾಳೆಗೆ ಜಿಐ ಮಾನ್ಯತೆಯೂ ಸಿಕ್ಕಿದೆ. ಸಿಪ್ಪೆಯ ಬಣ್ಣ ಒಣಗಿದ ಇಟ್ಟಿಗೆಯಂತೆ, ಒಳಗಿನ ತಿರುಳು ಬೆಣ್ಣೆಯಂತೆ. ಒಂದು ಹಣ್ಣು ತಿಂದರೆ ನನ್ನಂಥ ಮುದುಕನಿಗೆ ಮಧ್ಯಾಹ್ನದ ಊಟವೇ ಬೇಡ.

ಆದರೆ ಈ ಸಲ ನಾನು ಅಲ್ಲಿಗೆ ಹೋದದ್ದು ಹಣ್ಣಿಗಾಗಿ ಅಲ್ಲ, ಗಾಜಿಗಾಗಿ. ಬ್ಯಾಂಕಿನಲ್ಲಿ ನನ್ನ ಜೊತೆ ಕೆಲಸ ಮಾಡಿದ ಗೆಳೆಯರೊಬ್ಬರ ಅಣ್ಣನ ಮನೆ ಅಲ್ಲಿದೆ. ಆ ಮನೆಯಲ್ಲಿ ಒಂದು ಜೋಡಿ ಹಳೆಯ ಗಾಜಿನ ಶಮಾದಾನ ಇವೆ. ಅವುಗಳ ಬೆಲೆ ಎಷ್ಟು, ಅವನ್ನು ಮಾರಬೇಕೋ ಇಡಬೇಕೋ ಎಂಬ ವಿಚಾರ ಎದ್ದಿತ್ತು. ಹಳೆಯ ಗಾಜಿನ ಸಾಮಾನು ನೋಡುವ ಹುಚ್ಚು ನನಗೆ ಮೊದಲಿನಿಂದಲೂ ಇರುವುದರಿಂದ ಕರೆ ಬಂತು.

ಶಮಾದಾನ ಎಂದರೆ ಏನು ಎಂದು ಮಕ್ಕಳು ಕೇಳಬಹುದು. ಇದು ಕೊಡುವ ದಾನವಲ್ಲ! ಶಮಾ ಎಂದರೆ ಮೇಣಬತ್ತಿ, ದಾನ್ ಎಂದರೆ ಒಂದು ವಸ್ತುವನ್ನು ಇಡುವ ಪಾತ್ರೆ. ಎಲೆಅಡಿಕೆ ಇಡುವುದು ಪಾನದಾನ, ಅತ್ತರು ಇಡುವುದು ಅತ್ತರದಾನ, ಮೇಣಬತ್ತಿ ನಿಲ್ಲಿಸುವುದು ಶಮಾದಾನ. ಉರ್ದು, ಮರಾಠಿ, ತೆಲುಗು ಎಲ್ಲ ಕಲೆತ ನಮ್ಮ ಕಲಬುರಗಿಯ ಕನ್ನಡದಲ್ಲಿ ಇಂಥ ಮಾತುಗಳು ಬಹಳ.

ಎಣ್ಣೆಯ ನಾಡಿಗೆ ಮೇಣ ಬಂದದ್ದು

ನಮ್ಮ ಮನೆಗಳಲ್ಲಿ ಬೆಳಕು ಎಂದರೆ ಎಣ್ಣೆ. ದೇವರ ಮುಂದೆ ಹಿತ್ತಾಳೆಯ ಸಮೆ, ಮಾಡದಲ್ಲಿ ಮಣ್ಣಿನ ಪಣತಿ. ಆಮೇಲೆ ಸೀಮೆಎಣ್ಣೆ ಬಂದಾಗ ಚಿಮಣಿ, ಕಂದೀಲು. ಮೇಣಬತ್ತಿ ನಮ್ಮ ಬಿಸಿಲಿಗೆ ಒಗ್ಗುವ ವಸ್ತುವೇ ಅಲ್ಲ. ಮೇ ತಿಂಗಳಲ್ಲಿ ಕಲಬುರಗಿಯ ಯಾವುದಾದರೂ ತಗಡಿನ ಮನೆಯಲ್ಲಿ ಮೇಣಬತ್ತಿ ನಿಲ್ಲಿಸಿಟ್ಟು ನೋಡಿ, ಹಚ್ಚದಿದ್ದರೂ ಸಂಜೆಯ ಹೊತ್ತಿಗೆ ನಮಸ್ಕಾರ ಮಾಡುವಂತೆ ಬಾಗಿರುತ್ತದೆ.

ಹಾಗಿದ್ದರೂ ಮೇಣಬತ್ತಿಯ ಕಂಬಗಳು ಇಲ್ಲಿಗೆ ಬಂದವು. ಕಲಬುರಗಿ 1948ರವರೆಗೆ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು. ಹೈದರಾಬಾದಿನ ಅರಮನೆ, ದೇವಡಿಗಳಲ್ಲಿ ಯುರೋಪಿನ ಗಾಜಿಗೆ ದೊಡ್ಡ ಮರ್ಯಾದೆ. ಚೌಮಹಲ್ಲಾ ಅರಮನೆಯ ದರ್ಬಾರ್ ಹಾಲಿನಲ್ಲಿ ಇಂದಿಗೂ ತೂಗುತ್ತಿರುವ ಬೆಲ್ಜಿಯಂ ಗಾಜಿನ ಝೂಮರ್‌ಗಳನ್ನು ನೋಡಿದವರಿಗೆ ಇದು ಗೊತ್ತು. 1871ರಲ್ಲಿ ಮುಂಬಯಿ ಕಡೆಯ ರೈಲು ಹಳಿ ಕಲಬುರಗಿಯ ಮೇಲೆ ಹಾಯ್ದು ರಾಯಚೂರಿನಲ್ಲಿ ಮದ್ರಾಸ್ ಕಡೆಯ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಹೈದರಾಬಾದ್ ಕಡೆಗೂ ರೈಲು ಓಡಿತು. ಹಡಗಿನಲ್ಲಿ ಮುಂಬಯಿಗೆ ಇಳಿದ ಗಾಜಿನ ಪೆಟ್ಟಿಗೆಗಳು ಒಡೆಯದೆ ಒಳನಾಡಿಗೆ ಬರುವ ದಾರಿ ಹೀಗೆ ತೆರೆಯಿತು. ದೊಡ್ಡವರ ಮನೆಗೆ ಝೂಮರ್ ಬಂದರೆ, ನಡುಮಟ್ಟದವರ ಮನೆಗೆ ಅದೇ ಹೊಳಪಿನ ಅಗ್ಗದ ತಮ್ಮನಾಗಿ ಅಚ್ಚಿನ ಗಾಜಿನ ಶಮಾದಾನ, ಹೂದಾನಿ, ತಟ್ಟೆಗಳು ಬಂದವು.

ಊರಿಗೆ ದೀಪದ ಸಂಭ್ರಮವೂ ಹೊಸದಲ್ಲ. 1422ರಲ್ಲಿ ತೀರಿಕೊಂಡ ಸೂಫಿ ಸಂತ ಖ್ವಾಜಾ ಬಂದಾ ನವಾಜರ ದರ್ಗಾದ ಉರುಸಿನಲ್ಲಿ ಗಂಧದ ಮೆರವಣಿಗೆ ಒಂದು ದಿನವಾದರೆ, ದೀಪ ಹಚ್ಚುವುದಕ್ಕೆಂದೇ ‘ಚಿರಾಗಾಂ’ ಎಂಬ ಇನ್ನೊಂದು ದಿನವಿದೆ. ಎಲ್ಲ ಜಾತಿಯವರೂ ಹೋಗುತ್ತಾರೆ. ಶರಣಬಸವೇಶ್ವರರ ಗುಡಿಯಲ್ಲಿ ಎಣ್ಣೆ ಹಾಕಿ ಬಂದವರೇ ಅಲ್ಲಿಯೂ ಬತ್ತಿ ಹಚ್ಚಿ ಬರುವುದು ನಮ್ಮೂರಿನ ರೂಢಿ.

ಸಕ್ಕರೆ ಆರತಿಯೂ ಗಾಜಿನ ಅಚ್ಚೂ

ಅಚ್ಚಿನ ಗಾಜು ಎಂದರೇನು? ಇದನ್ನು ತಿಳಿಯಲು ಅಡುಗೆಮನೆಗೇ ಹೋಗೋಣ. ಗೌರಿ ಹುಣ್ಣಿಮೆಗೆ ನಮ್ಮ ಕಡೆ ಸಕ್ಕರೆ ಆರತಿ ಮಾಡುತ್ತಾರೆ. ಕಟ್ಟಿಗೆಯ ಅಚ್ಚಿನ ತುಂಡುಗಳನ್ನು ಜೋಡಿಸಿ ಕಟ್ಟಿ, ಕುದಿಯುವ ಸಕ್ಕರೆ ಪಾಕ ಸುರಿದು, ಆರಿದ ಮೇಲೆ ಬಿಚ್ಚಿದರೆ ಆನೆ, ಗಿಳಿ, ತೇರು ಹೊರಗೆ ಬರುತ್ತವೆ. ಆನೆಯ ಬೆನ್ನ ಮೇಲೆ ಕೂದಲೆಳೆಯಂಥ ಒಂದು ಗೆರೆ ಎದ್ದಿರುತ್ತದೆ, ನೋಡಿದ್ದೀರಾ? ಅಚ್ಚಿನ ಎರಡು ಹೋಳು ಕೂಡಿದ ಜಾಗ ಅದು.

ಗಾಜಿನದೂ ಹೆಚ್ಚುಕಡಿಮೆ ಇದೇ ಕಥೆ. ಸಾವಿರ ಡಿಗ್ರಿಗೂ ಮೇಲೆ ಕಾದು ಜೇನಿನಂತೆ ಮಂದವಾದ ಗಾಜನ್ನು ಕಬ್ಬಿಣದ ಸಲಾಕೆಯ ತುದಿಗೆ ಸುತ್ತಿ ತರುತ್ತಾರೆ. ಬೇಕಾದಷ್ಟು ಗಾಜು ಅಚ್ಚಿನೊಳಗೆ ಇಳಿದ ಕೂಡಲೇ ಕತ್ತರಿಯಿಂದ ಕತ್ತರಿಸುತ್ತಾರೆ. ಆಮೇಲೆ ಒಬ್ಬ ಹಿಡಿಕೆ ಎಳೆದರೆ ಮೇಲಿನಿಂದ ಒಂದು ಕಬ್ಬಿಣದ ಗೂಟ ಇಳಿದು ಗಾಜನ್ನು ಒತ್ತುತ್ತದೆ. ಶಾವಿಗೆ ಒರಳಿನಲ್ಲಿ ಹಿಟ್ಟು ಒತ್ತುತ್ತಾರಲ್ಲ, ಹಾಗೆ. ಹೊರಮೈಗೆ ಅಚ್ಚಿನ ಚಿತ್ತಾರ ಮೂಡುತ್ತದೆ, ಒಳಮೈ ಗೂಟ ಒತ್ತಿದ್ದರಿಂದ ನುಣ್ಣಗಾಗುತ್ತದೆ. ಬಿಸಿ ಗಾಜು ಒಮ್ಮೆಲೇ ಆರಿದರೆ ಸೀಳುತ್ತದೆ. ಅದಕ್ಕೆ ಇನ್ನೊಂದು ಒಲೆಯಲ್ಲಿಟ್ಟು ನಿಧಾನವಾಗಿ ಆರಿಸುತ್ತಾರೆ.

ಈ ಯಂತ್ರ ಬೆಳೆದದ್ದು 1820ರ ದಶಕದಲ್ಲಿ, ಅಮೆರಿಕದಲ್ಲಿ. ಅದಕ್ಕೆ ಮೊದಲು ಗಾಜಿನ ಪಾತ್ರೆ ಎಂದರೆ ಬಾಯಿಯಿಂದ ಊದಿ ಮಾಡಬೇಕು. ಅದರ ಮೇಲೆ ಚಿತ್ತಾರ ಬೇಕೆಂದರೆ ಸಾಣೆಚಕ್ರಕ್ಕೆ ಹಿಡಿದು ಕೆತ್ತಬೇಕು. ಒಂದು ಜೋಡಿ ಕಂಬಕ್ಕೆ ದಿನಗಟ್ಟಲೆ ಕೆಲಸ, ಬೆಲೆಯೂ ಹಾಗೆಯೇ. ಮ್ಯಾಸಚೂಸೆಟ್ಸ್ ರಾಜ್ಯದ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿ ಡೆಮಿಂಗ್ ಜಾರ್ವಿಸ್ ಎಂಬಾತ 1825ರಲ್ಲಿ ಕಾರ್ಖಾನೆ ತೆರೆದ. ತಿನ್ನುವ ಸ್ಯಾಂಡ್‌ವಿಚ್‌ಗೂ ಈ ಊರಿಗೂ ಸಂಬಂಧವಿಲ್ಲ, ಮಕ್ಕಳೇ! ಅಚ್ಚಿನ ಗಾಜಿಗೆ ಆ ಊರು ಎಷ್ಟು ಹೆಸರಾಯಿತೆಂದರೆ, ಬೇರೆ ಕಡೆ ಮಾಡಿದ್ದನ್ನೂ ಜನ ‘ಸ್ಯಾಂಡ್‌ವಿಚ್ ಗಾಜು’ ಎಂದೇ ಕರೆಯತೊಡಗಿದರು. ಅಲ್ಲಿಯ ಶಮಾದಾನಗಳಲ್ಲಿ ಬಹಳ ಪ್ರಸಿದ್ಧವಾದದ್ದು ಡಾಲ್ಫಿನ್ ಮೀನು ತಲೆ ಕೆಳಗೆ ಮಾಡಿ, ಬಾಲದ ಮೇಲೆ ಬತ್ತಿಯ ಬಟ್ಟಲನ್ನು ಹೊತ್ತು ನಿಂತ ಮಾದರಿ. ಕೂಲಿಗಾರರ ಮುಷ್ಕರದ ನಂತರ 1888ರಲ್ಲಿ ಆ ಕಾರ್ಖಾನೆ ಮುಚ್ಚಿತು. ಈಗ ಅದೇ ಊರಿನಲ್ಲಿ ಗಾಜಿನ ವಸ್ತುಸಂಗ್ರಹಾಲಯವಿದೆ.

ಮೊದಮೊದಲಿಗೆ ಒಂದು ತೊಂದರೆ ಇತ್ತು. ತಣ್ಣನೆಯ ಕಬ್ಬಿಣ ತಾಗಿ ಗಾಜಿನ ಮೈ ಸುಕ್ಕುಗಟ್ಟುತ್ತಿತ್ತು, ಕತ್ತರಿಯ ಗುರುತೂ ಉಳಿಯುತ್ತಿತ್ತು. ಅದನ್ನು ಮುಚ್ಚಲು ಅಚ್ಚು ಕೊರೆಯುವವರು ಮೈತುಂಬ ಸಣ್ಣ ಸಣ್ಣ ಚುಕ್ಕೆ ತುಂಬಿದರು. ನೋಡಿದರೆ ಲೇಸಿನ ಬಟ್ಟೆಯಂತೆ ಕಾಣುವ ಆ ಗಾಜಿಗೆ ‘ಲೇಸಿ’ ಎಂದೇ ಹೆಸರು ಬಿತ್ತು. ಕುಂದು ಮುಚ್ಚಲು ಮಾಡಿದ ಉಪಾಯಕ್ಕೆ ಇಂದು ಸಂಗ್ರಾಹಕರು ಹೆಚ್ಚು ಹಣ ಕೊಡುತ್ತಾರೆ.

ಇಂಗ್ಲೆಂಡಿನವರೂ ಹಿಂದೆ ಬೀಳಲಿಲ್ಲ. ಗೇಟ್ಸ್‌ಹೆಡ್ ಊರಿನ ಸವರ್ಬಿ ಕಂಪನಿ 1876ರಿಂದ ನವಿಲಿನ ತಲೆಯನ್ನು ತನ್ನ ಗುರುತಾಗಿ ಅಚ್ಚಿನಲ್ಲೇ ಒತ್ತಿತು. ನಮ್ಮ ದೇಶದಲ್ಲಿ ಪುಣೆಯ ಹತ್ತಿರದ ತಳೇಗಾಂವದಲ್ಲಿ ಜನರಿಂದ ಒಂದೊಂದು ಪೈಸೆ ಕೂಡಿಸಿ 1908ರಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ತೆರೆದರು. 1916ರಲ್ಲಿ ಕರಾಡದ ಬಳಿ ಓಗಲೆ ಬಂಧುಗಳ ಕಾರ್ಖಾನೆ ಶುರುವಾಯಿತು. ಅವರ ‘ಪ್ರಭಾಕರ’ ಕಂದೀಲು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ತೂಗಿದೆ.

ಹಳೆ ಸಾಮಾನಿನ ಅಂಗಡಿಯಲ್ಲಿ

ಕಮಲಾಪುರಕ್ಕೆ ಹೋಗುವ ಮೊದಲು ಕಲಬುರಗಿಯ ಹಳೆ ಬಜಾರಿನ ಗಲ್ಲಿಯೊಂದರಲ್ಲಿ ಕಣ್ಣು ಪಳಗಿಸಿಕೊಂಡು ಬಂದೆ. ಅಲ್ಲಿ ಒಂದು ಹಳೆ ಸಾಮಾನಿನ ಅಂಗಡಿ. ತಾಮ್ರದ ಹಂಡೆ, ತೂತು ಬಿದ್ದ ಗ್ರಾಮೊಫೋನಿನ ಕಹಳೆ, ನಿಂತ ಗಡಿಯಾರಗಳ ನಡುವೆ ಒಂದು ಒಂಟಿ ಶಮಾದಾನ ಕೂತಿತ್ತು.

“ಬೆಲ್ಜಿಯಂ ಮಾಲು ನೋಡ್ರಿ ಸಾಹೇಬ್ರ, ಕೈಲೆ ಕೆತ್ತಿದ್ದು,” ಎಂದರು ಅಂಗಡಿಯವರು.

ನಾನು ಅದನ್ನು ಕೈಗೆ ತೆಗೆದುಕೊಂಡೆ. ಕೆತ್ತಿದ ಗಾಜೋ ಒತ್ತಿದ ಗಾಜೋ ಎಂದು ತಿಳಿಯಲು ದೊಡ್ಡ ವಿದ್ಯೆ ಬೇಡ. ಬೆರಳು, ಕಣ್ಣು, ಕಿವಿ ಸಾಕು. ಮಕ್ಕಳೂ ಮಾಡಬಹುದು, ದೊಡ್ಡವರು ಹತ್ತಿರ ಇರಲಿ.

ಮೊದಲು ಬೆರಳು. ಸಾಣೆ ಹಿಡಿದು ಕೆತ್ತಿದ ಗಾಜಿನ ಅಂಚು ಚುಚ್ಚುವಷ್ಟು ಚೂಪು. ಅಚ್ಚಿನ ಗಾಜಿನ ಅಂಚು ಕರಗಲು ಶುರುವಾದ ಕಲ್ಲುಸಕ್ಕರೆಯಂತೆ ದುಂಡಗೆ. ಆಮೇಲೆ ಕಣ್ಣು. ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರೆ ಮೇಲಿಂದ ಕೆಳಗೆ ಹೋಗುವ ಅಚ್ಚಿನ ಗೆರೆ ಕಾಣುತ್ತದೆ. ಅದು ಎರಡು, ಮೂರು ಅಥವಾ ನಾಲ್ಕು ಕಡೆ ಇರಬಹುದು. ಊದಿದ ಗಾಜಿನ ತಳದಲ್ಲಿ ಸಾಮಾನ್ಯವಾಗಿ ಸಲಾಕೆ ಮುರಿದು ತೆಗೆದ ಒರಟು ಕಲೆ ಇರುತ್ತದೆ.

ಮೂರನೆಯದು ಕಿವಿ. ಉಗುರಿನಿಂದ ಮೆಲ್ಲಗೆ ತಟ್ಟಿ. ಸೀಸ ಬೆರೆಸಿದ ಗಾಜು ಸಣ್ಣ ಗಂಟೆಯಂತೆ ನಾದ ಬಿಡುತ್ತದೆ, ಕೈಗೂ ಭಾರ. ಸೋಡಾ ಮತ್ತು ಸುಣ್ಣ ಬೆರೆಸಿದ ಗಾಜು ‘ಟಕ್’ ಎಂದು ಸುಮ್ಮನಾಗುತ್ತದೆ. 1864ರಲ್ಲಿ ಅಮೆರಿಕದ ವಿಲಿಯಂ ಲೇಟನ್ ಎಂಬವರು ಸುಧಾರಿಸಿದ ಸೋಡಾ–ಸುಣ್ಣದ ಪಾಕ ಬಂದ ಮೇಲೆ ಅಗ್ಗದ ಅಚ್ಚಿನ ಗಾಜು ಮನೆಮನೆಗೆ ಹೋಯಿತು. ಹಾಗಾಗಿ ನಾದ ಬಿಡುವ ಕಂಬ ಹಳೆಯದಿರುವ ಸಂಭವ ಹೆಚ್ಚು.

ನಾಲ್ಕನೆಯದು ತಳದ ಸವೆತ. ನೂರು ವರ್ಷ ಮೇಜಿನ ಮೇಲೆ ಅತ್ತಿತ್ತ ಸರಿದಾಡಿದ ಕಂಬದ ಅಡಿಯಲ್ಲಿ, ಮೇಜಿಗೆ ತಾಗುವ ಅಂಚಿನಲ್ಲಷ್ಟೇ, ದಿಕ್ಕಿಲ್ಲದ ಸಣ್ಣ ಗೀರುಗಳಿರುತ್ತವೆ. ಮೋಸಗಾರರು ಮರಳು ಕಾಗದದಿಂದ ಉಜ್ಜಿದರೆ ಎಲ್ಲ ಗೀರೂ ಒಂದೇ ದಿಕ್ಕಿಗೆ, ತಾಗದ ಜಾಗದಲ್ಲೂ ಇರುತ್ತವೆ.

ಐದನೆಯದು ನನ್ನ ಹಳೆಯ ಕಸುಬಿನ ಉಪಕರಣ. ಖೋಟಾ ನೋಟು ಹಿಡಿಯಲು ಬ್ಯಾಂಕಿನಲ್ಲಿ ನೇರಳಾತೀತ ದೀಪ ಬಳಸುತ್ತೇವೆ. ಅದರ ಸಣ್ಣ ಟಾರ್ಚ್ ಒಂದು ನನ್ನ ಜೇಬಿನಲ್ಲಿರುತ್ತದೆ. ಹಿಂದೆ ಹಳದಿ–ಹಸಿರು ಬಣ್ಣ ಬರಲೆಂದು ಗಾಜಿಗೆ ತುಸು ಯುರೇನಿಯಂ ಬೆರೆಸುತ್ತಿದ್ದರು. ಕತ್ತಲೆಯಲ್ಲಿ ಆ ಗಾಜಿನ ಮೇಲೆ ಈ ಟಾರ್ಚ್ ಬಿಟ್ಟರೆ ಮಿಂಚುಹುಳದಂತೆ ಹಸಿರಾಗಿ ಉರಿಯುತ್ತದೆ. ಅಂಗಡಿಯ ಮೂಲೆಯಲ್ಲಿದ್ದ ಒಂದು ಸಣ್ಣ ಬಟ್ಟಲು ಹಾಗೆ ಹೊಳೆದದ್ದು ಕಂಡು ಅಂಗಡಿಯವರೇ “ಅರೇ ವ್ಹಾ” ಎಂದರು. ಆ ಬಟ್ಟಲಿನ ಬೆಲೆ ಅಲ್ಲಿಯೇ ಇಮ್ಮಡಿಯಾಯಿತು!

ಒಂಟಿ ಶಮಾದಾನಕ್ಕೆ ಅಚ್ಚಿನ ಗೆರೆ ಇತ್ತು, ಅಂಚು ದುಂಡಗಿತ್ತು, ನಾದ ಇರಲಿಲ್ಲ. “ಕೆತ್ತಿದ್ದಲ್ರಿ, ಅಚ್ಚಿಂದು,” ಎಂದೆ. ಅವರು ನಕ್ಕು, “ಚಂದ ಅದ ಇಲ್ಲ, ಅದ ಹೇಳ್ರಿ,” ಎಂದರು. ಚಂದವಂತೂ ಇತ್ತು.

ಸಂಗ್ರಾಹಕರಿಗೆ ಏನು ಮೋಹ?

ಬೆಳ್ಳಿಯಲ್ಲ, ಬಂಗಾರವಲ್ಲ, ಯಂತ್ರದಲ್ಲಿ ಒತ್ತಿದ ಗಾಜು. ಇದನ್ನು ಯಾಕೆ ಹುಡುಕಿ ಹುಡುಕಿ ಕೂಡಿಸುತ್ತಾರೆ?

ಒಂದು ಕಾರಣ, ಇದು ಕೈಗೆಟಕುವ ಹಳತು. ರಾಜರ ಝೂಮರ್ ಕೊಳ್ಳಲು ಸಂಬಳದಾರನಿಗೆ ಆಗದು, ಒಂದು ಶಮಾದಾನ ಆದೀತು. ಇನ್ನೊಂದು, ಓದುವ ಸುಖ. 1842ರಿಂದ 1883ರವರೆಗೆ ಬ್ರಿಟನ್ನಿನಲ್ಲಿ ನೋಂದಾಯಿಸಿದ ವಿನ್ಯಾಸಗಳ ಮೇಲೆ ಪುಟ್ಟ ಗಾಳಿಪಟದಂಥ ಗುರುತು ಇರುತ್ತದೆ. ಅದರ ಮೂಲೆಗಳಲ್ಲಿರುವ ಅಕ್ಷರ, ಅಂಕಿಗಳನ್ನು ಬಿಡಿಸಿದರೆ ಆ ವಿನ್ಯಾಸ ನೋಂದಣಿಯಾದ ದಿನ, ತಿಂಗಳು, ವರ್ಷವೇ ಸಿಗುತ್ತದೆ. 1884ರಿಂದ ಗಾಳಿಪಟ ಹೋಗಿ ಬರಿಯ ನಂಬರು ಬಂತು. ಅಂಚೆಚೀಟಿಯ ಮುದ್ರೆ ಓದುವ ಹುಡುಗರಿಗೆ ಈ ಸುಖ ಗೊತ್ತಿರುತ್ತದೆ.

ಬಿಸಿಲು ಬರೆದ ಬಣ್ಣ ಇನ್ನೊಂದು. ಮರಳಿನಲ್ಲಿರುವ ಕಬ್ಬಿಣದ ಅಂಶದಿಂದ ಗಾಜಿಗೆ ಹಸಿರು ಛಾಯೆ ಬರುತ್ತದೆ. ಅದನ್ನು ಹೋಗಲಾಡಿಸಲು ಹಿಂದೆ ಮ್ಯಾಂಗನೀಸ್ ಬೆರೆಸುತ್ತಿದ್ದರು. ಅಂಥ ಬಿಳಿ ಗಾಜು ವರ್ಷಾನುಗಟ್ಟಲೆ ಬಿಸಿಲು ಕುಡಿದರೆ ತೆಳುವಾಗಿ ನೇರಳೆಗೆ ತಿರುಗುತ್ತದೆ.

ಎಲ್ಲಕ್ಕಿಂತ ದೊಡ್ಡದು ಜೋಡಿ. ಶಮಾದಾನ ಹುಟ್ಟುವುದೇ ಜೋಡಿಯಾಗಿ. ಆದರೆ ಉಳಿಯುವುದು ಕಷ್ಟ. ಬತ್ತಿ ತಳಕ್ಕಿಳಿದು ಉರಿದರೆ ಬಟ್ಟಲಿನ ಗಾಜು ಕಾದು ಸೀಳುತ್ತದೆ. ಕೈಜಾರುವುದು, ಬೆಕ್ಕು ಹಾರುವುದು ಇದ್ದೇ ಇದೆ. ಆದ್ದರಿಂದ ಎರಡೂ ಕೂಡಿ ಉಳಿದ ಜೋಡಿಗೆ ಸಿಗುವ ಬೆಲೆ ಎರಡು ಒಂಟಿಗಳ ಬೆಲೆಗಿಂತ ಬಹಳ ಹೆಚ್ಚು. ನೂರರ ನೋಟು ಹರಿದು ಎರಡು ಮಾಡಿದರೆ ಐವತ್ತರ ಎರಡು ನೋಟು ಆಗುವುದಿಲ್ಲವಷ್ಟೆ.

ಕಮಲಾಪುರದ ಮನೆ

ಈ ಲೆಕ್ಕವೇ ಕಮಲಾಪುರದ ಮನೆಯಲ್ಲಿ ಕೆಲಸಕ್ಕೆ ಬಂತು. ಊರೊಳಗಿನ ಹಳೆಯ ಕಲ್ಲಿನ ಮನೆ ಅದು. ದಪ್ಪ ಗೋಡೆ, ತಗ್ಗು ಬಾಗಿಲು, ಪಡಸಾಲೆಯಲ್ಲಿ ಕಟ್ಟಿಗೆಯ ಕಂಬ. ಮಳೆಗಾಲ ಮುಗಿದ ಮೇಲೆ ಅದನ್ನು ಕೆಡವಿ ಕಟ್ಟುವವರಿದ್ದರು. ಹಿರಿಯರಿಗೆ ಇಬ್ಬರು ಮಕ್ಕಳು. ದೊಡ್ಡವರು ಊರಲ್ಲೇ ಇದ್ದು ಬಾಳೆ ತೋಟ ನೋಡಿಕೊಳ್ಳುತ್ತಾರೆ, ಸಣ್ಣವರು ಕಲಬುರಗಿಯಲ್ಲಿ ಅಂಗಡಿಯಲ್ಲಿ ಕೆಲಸ. ಸಾಮಾನು ಪಾಲಾಗುತ್ತಿತ್ತು. ಇಬ್ಬರಿಗೂ ತಲಾ ಒಂದು ಶಮಾದಾನ ಎಂದು ಪಟ್ಟಿಯಲ್ಲಿ ಬರೆದಾಗಿತ್ತು. ಅಷ್ಟರಲ್ಲಿ ಹೈದರಾಬಾದಿನಿಂದ ಬಂದ ವ್ಯಾಪಾರಿಯೊಬ್ಬ ಜೋಡಿಗೆ ಹದಿನೈದು ಸಾವಿರ, ಒಂಟಿಗೆ ಮೂರು ಸಾವಿರ ಎಂದು ಹೇಳಿ ಹೋಗಿದ್ದ.

ಕೌದಿಯಲ್ಲಿ ಸುತ್ತಿದ್ದ ಶಮಾದಾನಗಳನ್ನು ಹಿರಿಯರೇ ತಂದು ಮುಂದಿಟ್ಟರು. ಒಂದು ಗೇಣಿಗಿಂತ ತುಸು ಎತ್ತರ, ಆರು ಮೂಲೆಯ ತಳ, ಮೇಲೆ ದಳ ಬಿಚ್ಚಿದ ಹೂವಿನಂಥ ಬಟ್ಟಲು. ಕಿಟಕಿಯ ಬಿಸಿಲಿಗೆ ಹಿಡಿದರೆ ಮೈಯಲ್ಲಿ ನೇರಳೆಯ ಸುಳಿವು. ಉಗುರು ತಾಗಿಸಿದೆ, ಗುಂಯ್ ಎಂದು ನಾದ ನಿಂತಿತು. ಬಟ್ಟಲಿನ ಗೆರೆಯೂ ತಳದ ಗೆರೆಯೂ ಒಂದೇ ಸಾಲಿನಲ್ಲಿ ಇರಲಿಲ್ಲ. ಅಂದರೆ ಎರಡನ್ನೂ ಬೇರೆ ಬೇರೆ ಒತ್ತಿ, ನಡುವೆ ಬಿಸಿ ಗಾಜಿನ ಬಿಲ್ಲೆ ಇಟ್ಟು ಕೈಯಿಂದ ಕೂಡಿಸಿದ್ದು. ಹಳೆಯ ಕಾರ್ಖಾನೆಗಳ ಪದ್ಧತಿ ಅದು. ಕೂಡಿಸಿದವನ ಕೈ ತುಸು ಓರೆಯಾಗಿರಬೇಕು, ಒಂದು ಕಂಬ ಸ್ವಲ್ಪ ಎಡಕ್ಕೆ ವಾಲಿದೆ. ಇನ್ನೊಂದರ ಬಟ್ಟಲಿನ ದಳದಲ್ಲಿ ಜೋಳದ ಕಾಳಿನಷ್ಟು ಚೂರು ಹಾರಿದೆ.

“ಆ ಚೂರು ಹಾರಿರದಿದ್ರ ಇಪ್ಪತ್ತೈದು ಕೊಡ್ತಿದ್ದೆ ಅಂದ್ನರಿ ಅಂವ,” ಎಂದರು ಸಣ್ಣ ಮಗ.

ಹಿರಿಯರು ಅಷ್ಟು ಹೊತ್ತು ಸುಮ್ಮನಿದ್ದವರು ಆಗ ಮಾತಾಡಿದರು. “ಆ ಚೂರು ಹ್ಯಾಂಗ ಹಾರಿತು ಅಂತ ಅಂವಗ ಏನ್ ಗೊತ್ತು?”

ಅವರು ಹೇಳಿದ್ದು ಇಷ್ಟು. 1948ರಲ್ಲಿ ಅವರಿಗೆ ಏಳು ವರ್ಷ. ರಜಾಕಾರರ ಹಾವಳಿಯ ಕಾಲ. ಒಂದು ರಾತ್ರಿ ಮನೆಮಂದಿ ಬಂಡಿ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಹೊರಟರು. ಹೊರಡುವಾಗ ಇವರ ತಾಯಿ ಒಡೆಯುವ ಸಾಮಾನನ್ನೆಲ್ಲ ಪಕ್ಕದ ಮನೆಯ ಚಾಚಾನ ಕೈಗೆ ಕೊಟ್ಟರು. ಚಾಚಾ ಅವನ್ನು ತಮ್ಮ ಹಗೇವಿನಲ್ಲಿ, ಜೋಳದ ಹೊಟ್ಟಿನ ನಡುವೆ ಹೂತಿಟ್ಟರು. ಹಗೇವು ಎಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, ಸುಗ್ಗಿಯ ಹೊತ್ತಿಗೆ ಇವರು ಊರಿಗೆ ಮರಳಿದರು. ಚಾಚಾ ಅಂದೇ ಹಗೇವಿಗೆ ಇಳಿದು ಒಂದೊಂದೇ ಸಾಮಾನು ಮೇಲೆ ಕೊಟ್ಟರು. ಕೊನೆಯ ಶಮಾದಾನ ಎತ್ತುವಾಗ ಹಗೇವಿನ ಬಾಯಿಯ ಕಲ್ಲಿಗೆ ತಾಗಿ ಚೂರು ಹಾರಿತು.

“ಚಾಚಾ ಕಣ್ಣಾಗ ನೀರು ತಂದ. ನಮ್ಮವ್ವ, ‘ಮಂದಿ ಉಳೀತು, ಮನಿ ಉಳೀತು, ಗಾಜಿನ ಚೂರಿಗೆ ಯಾಕ ಅಳ್ತೀಯೋ ಅಣ್ಣ’ ಅಂದ್ಲು. ಆಮ್ಯಾಲ ಪ್ರತಿ ಮೊಹರಮ್ಮಿಗಿ ಒಂದು ಶಮಾದಾನ ಅವರ ಮನಿಗಿ ಹೋಗ್ತಿತ್ತು. ದೀಪಾವಳಿಗಿ ಎರಡೂ ನಮ್ಮನ್ಯಾಗ. ಚಾಚಾ ಇರೋತನಕ ಹಂಗೇ ನಡೀತು.”

ಮಕ್ಕಳಿಬ್ಬರೂ ಈ ಕಥೆಯನ್ನು ಪೂರ್ತಿ ಕೇಳಿದ್ದು ಅದೇ ಮೊದಲು. ಆದರೂ ಸಣ್ಣವರ ಮಾತು ತೆಗೆದುಹಾಕುವಂಥದ್ದಲ್ಲ. “ಕಥಿ ಖರೇ ಅಪ್ಪಾ. ಆದ್ರ ನನಗ ಬರೋ ಏಳೂವರೆ ಸಾವಿರ ಅಂದ್ರ ಮಗಳ ಸಾಲಿ ಫೀಸಿನ ಒಂದು ಕಂತು,” ಎಂದರು. ಅದೂ ಖರೆಯೇ.

ದೊಡ್ಡವರು ಪಟ್ಟಿಯನ್ನು ಮತ್ತೆ ನೋಡಿ, ತಮ್ಮ ಪಾಲಿಗೆ ಬಂದಿದ್ದ ತಾಮ್ರದ ದೊಡ್ಡ ಹಂಡೆಯನ್ನು ತೋರಿಸಿದರು. “ಇದು ನೀನ ತಗೋ. ಶಮಾದಾನ ಎರಡೂ ಕೂಡೇ ಇರಲಿ.” ನಾನು ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಹಾಕಿದೆ. ಹಂಡೆಯನ್ನು ತಾಮ್ರದ ತೂಕಕ್ಕೆ ಹಾಕಿದರೆ ಹೆಚ್ಚುಕಡಿಮೆ ಅದೇ ಏಳೂವರೆ ಸಾವಿರ ಬರುತ್ತಿತ್ತು. ಸಣ್ಣವರು ಒಪ್ಪಿದರು, ಒಂದು ಶರತ್ತು ಹಾಕಿ: ಒಂದು ವರ್ಷ ಬಿಟ್ಟು ಒಂದು ವರ್ಷ ದೀಪಾವಳಿಗೆ ಜೋಡಿ ಕಲಬುರಗಿಗೆ ಬರಬೇಕು. ಹಿರಿಯರು ತಲೆ ಆಡಿಸಿ, ಎಲ್ಲರಿಗೂ ಚಹಾ ತರಲು ಹೇಳಿದರು.

ಏಳನೆಯ ಇಯತ್ತೆಯ ಮೊಮ್ಮಗಳು ಅಷ್ಟು ಹೊತ್ತೂ ನನ್ನ ಟಾರ್ಚ್ ಹಿಡಿದು ಮನೆಯ ಗಾಜನ್ನೆಲ್ಲ ಪರೀಕ್ಷಿಸುತ್ತಿದ್ದಳು. ಅವಳಿಗೆ ಒಂದು ಕೆಲಸ ಕೊಟ್ಟೆ. ಲೆಡ್ಜರಿನಲ್ಲಿ ಬರೆಯುವ ಹಾಗೆ ಒಂದು ಕಾರ್ಡು ಬರೆಸಿದೆ: ವಸ್ತು ಏನು, ಎತ್ತರ ಎಷ್ಟು, ಎಲ್ಲಿ ಏನು ಊನ, ಯಾರಿಂದ ಯಾರಿಗೆ ಬಂತು, ಹೇಳಿದವರು ಯಾರು, ಬರೆದ ತಾರೀಖು. ಊನದ ಮುಂದೆ ಅವಳು “ಚಾಚಾ ಮುತ್ಯಾ ಹಗೇವಿನಿಂದ ತೆಗೆಯುವಾಗ” ಎಂದು ಬರೆದಳು. ಹಿರಿಯರಿಗೆ ಓದಿ ಹೇಳಿ ಸಹಿ ಮಾಡಿಸಿದಳು. ಹಳೆಯ ವಸ್ತುವಿನಲ್ಲಿ ಎಲ್ಲಕ್ಕಿಂತ ಮೊದಲು ಕಳೆದುಹೋಗುವುದು ಅದರ ಸಂಗತಿ. ದೊಡ್ಡ ಸಂಗ್ರಹಾಲಯಗಳೂ ಪ್ರತಿ ವಸ್ತುವಿಗೆ ಇಂಥದೇ ಕಾರ್ಡು ಇಡುತ್ತವೆ.

ನಿಮ್ಮ ಮನೆಯಲ್ಲೂ ಇದ್ದರೆ

ಅಟ್ಟದ ಮೇಲೆ ಇಂಥ ಗಾಜು ಸಿಕ್ಕರೆ ತಕ್ಷಣ ಬಿಸಿನೀರಿಗೆ ಹಾಕಬೇಡಿ. ತಣ್ಣಗಿನ ಗಾಜಿಗೆ ಬಿಸಿ, ಬಿಸಿ ಗಾಜಿಗೆ ತಣ್ಣೀರು ಎರಡೂ ವೈರಿ. ಬಟ್ಟಲಿಗೆ ಮೇಣ ಅಂಟಿದ್ದರೆ ಚಾಕು ಹಾಕದೆ, ಉಗುರುಬೆಚ್ಚಗಿನ ನೀರಿನಲ್ಲಿ ನಿಧಾನವಾಗಿ ಮೆತ್ತಗೆ ಮಾಡಿ ಮೆದು ಬಟ್ಟೆಯಿಂದ ತೆಗೆಯಿರಿ. ತೊಳೆಯುವಾಗ ಪಾತ್ರೆಯ ತಳಕ್ಕೆ ಒಂದು ಟವೆಲ್ ಹಾಸಿ. ಬತ್ತಿ ಹಚ್ಚುವುದಾದರೆ ಎರಡು ಬೆರಳು ಉಳಿದಿರುವಾಗಲೇ ಆರಿಸಿ.

ಕೊಳ್ಳುವವರಿಗೆ ಒಂದು ಮಾತು. ಹಳೆಯ ಮಾದರಿಗಳ ನಕಲು ಎಲ್ಲ ಕಡೆ ಇದೆ. ಎಲ್ಲವೂ ಮೋಸವಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವೇ ಡಾಲ್ಫಿನ್ ಶಮಾದಾನದ ಪ್ರತಿಗಳನ್ನು ‘ಎಂಎಂಎ’ ಎಂಬ ಗುರುತು ಒತ್ತಿ ಮಾರಿದೆ. ಗುರುತು ನೋಡದೆ ಕೊಂಡವರು ಅದನ್ನೇ ಹಳತೆಂದು ನಂಬಿಬಿಡುತ್ತಾರೆ.

ಮಾರುವವರಿಗೆ ಇನ್ನೊಂದು ಮಾತು. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕುಸುರಿನ ವಸ್ತುಗಳು ಪ್ರಾಚೀನ ವಸ್ತು ಎನಿಸಿಕೊಳ್ಳುತ್ತವೆ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. “ಫಾರಿನ್ನಿಗೆ ಕಳಿಸಿದರೆ ಲಕ್ಷ ಬರುತ್ತದೆ” ಎನ್ನುವವರ ಮಾತಿಗೆ ಮರುಳಾಗಬೇಡಿ.

ಸುಮ್ಮನೆ ನೋಡಿ ಸಂತೋಷಪಡುವವರಿಗೆ ದಾರಿ ಸುಲಭ. ಹೈದರಾಬಾದಿನಲ್ಲಿ 1951ರಲ್ಲಿ ತೆರೆದ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಯುರೋಪಿನ ಗಾಜಿನ ಸಂಗ್ರಹವಿದೆ. ಕಲಬುರಗಿಯಿಂದ ರೈಲಿನಲ್ಲಿ ಬೆಳಿಗ್ಗೆ ಹೋಗಿ ರಾತ್ರಿ ಮರಳಬಹುದು. ಕಮಲಾಪುರದಿಂದ ಮುಂದೆ ಹುಮನಾಬಾದ್ ದಾಟಿ ಬೀದರಿಗೆ ಹೋದರೆ, ಸತು–ತಾಮ್ರದ ಕಪ್ಪು ಲೋಹದಲ್ಲಿ ಬೆಳ್ಳಿ ಎಳೆ ಕೂಡಿಸುವ ಬಿದರಿ ಕುಶಲಿಗಳು ತಮ್ಮ ಅಂಗಡಿಯಲ್ಲೇ ಕೂತು ಕೆಲಸ ಮಾಡುವುದನ್ನು ಕಾಣಬಹುದು. ಗಾಜಿನ ಶಮಾದಾನ ಒಡೆಯುತ್ತದೆಂಬ ಹೆದರಿಕೆ ಇರುವ ಮನೆಗೆ ಬಿದರಿಯದು ಒಳ್ಳೆಯ ಜೋಡಿ. ಬರುವಾಗ ಕಮಲಾಪುರದಲ್ಲಿ ಇಳಿದು ಒಂದು ಡಜನ್ ಕೆಂಪು ಬಾಳೆ ಕಟ್ಟಿಸಿಕೊಳ್ಳಿ. ಹಣ್ಣು ತುಸು ಗಟ್ಟಿ ಇರುವುದನ್ನೇ ಆರಿಸಿ, ಮನೆ ಮುಟ್ಟುವ ಹೊತ್ತಿಗೆ ಹದವಾಗಿರುತ್ತದೆ.